ಹಗ್ಗ ಬಿಚ್ಚಿದ ಕೈ

ನೆನೆದ ಕೌದಿಯನ್ನು ವಿಜಾಪುರದ ಬಾವಡಿಯ ಮೆಟ್ಟಿಲ ಮೇಲೆ ಹಾಸಿ ಬಡಿಯುತ್ತಿದ್ದೆ. ನನ್ನ ನೆರಳಿನ ಪಕ್ಕ ಇನ್ನೊಂದು ನೆರಳು ಬಂದು ನಿಂತಿತು.

ದೊಡ್ಡ ನೆರಳು. ಅದರ ಕೈಯಲ್ಲಿ ಕುಡಗೋಲು!

ನಾನು ತಿರುಗಿ ನೋಡಲಿಲ್ಲ. ಇನ್ನೊಂದು ಏಟು ಹಾಕಿದೆ.

ಏಟು ನಿಲ್ಲಿಸಿದರೆ ಹೆದರಿದಳು ಎಂದು ಅವನಿಗೆ ಗೊತ್ತಾಗುತ್ತದೆ. ನಾನು ಜೈಲಿನಲ್ಲಿ ಹೆಂಗಸರ ಕೋಣೆ ಕಾಯುತ್ತ ಮುದುಕಿಯಾದವಳು. ಅಲ್ಲಿ ಕಲಿತ ಮೊದಲ ಪಾಠ ಅದೇ... ಎದೆ ನಡುಗಿದರೂ ಕೈ ನಿಲ್ಲಬಾರದು.

"ಏ ಮುದುಕಿ! ಸತ್ಯವ್ವ ಎಲ್ಲಿ ಅದಾಳ?"

"ಯಾವ ಸತ್ಯವ್ವಪ್ಪಾ?"

"ತಿಕೋಟಾದಕಿ. ಹಾಡಾಕಿ. ನಾಟಕ ಮಾಡಬ್ಯಾಡ. ಅಕಿನ್ನ ನೀನ ಅಡಗಿಸಿ ಇಟ್ಟೀದಿ."

"ಹೇಳ್ತೀನಿ ತಡಿ. ಮೊದಲ ಈ ಕೌದಿ ಹಿಂಡೂಣು. ಒಬ್ಬಾಕಿ ಕೈಲೆ ಆಗೂದಿಲ್ಲ. ಆ ಕಡೆ ಚುಂಗ ಹಿಡಿ."

"ಏನು?"

"ಚುಂಗ ಹಿಡಿಯೋ ಯಪ್ಪಾ! ನಿಮ್ಮವ್ವನ ಕೌದಿ ಎಂದೂ ಹಿಂಡಿಲ್ಲೇನ?"

ಹಿಡಿದ!

ಅವ್ವನ ಹೆಸರು ತೆಗೆದರೆ ಈ ಕಡೆಯ ಯಾವ ಪೈಲ್ವಾನನ ಕೈಯೂ ತಾನಾಗಿಯೇ ಮುಂದೆ ಬರುತ್ತದೆ. ಕುಡಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡ. ಅವನು ಆ ಕಡೆ ತಿರುವಿದ, ನಾನು ಈ ಕಡೆ ತಿರುವಿದೆ. ಕೌದಿ ಹುರಿಯಾಯಿತು. ನೀರು ಧಾರೆಯಾಗಿ ಇಳಿಯಿತು.

"ಜಗ್ಗು... ಇನ್ನಷ್ಟ ಜಗ್ಗು. ಏನ್ ಪೈಲ್ವಾನೋ ನೀ!"

ಮೈಭಾರವೆಲ್ಲ ಹಿಂದಕ್ಕೆ ಹಾಕಿ ಜಗ್ಗಿದ.

ನಾನು ಕೈ ಬಿಟ್ಟೆ.

ಧಪ್ಪನೆ ಅಂಗಾತ ಬಿದ್ದ. ತಲೆ ಕಲ್ಲಿಗೆ ಬಡಿಯಿತು. ಕುಡಗೋಲು ಠಣಠಣ ಎನ್ನುತ್ತ ಮೆಟ್ಟಿಲಿಳಿದು ನೀರು ಸೇರಿತು. ಅವನೂ ಅದರ ಹಿಂದೆಯೇ ಜಾರತೊಡಗಿದ. ಕಾಲಿಗೆ ಸುತ್ತಿದ್ದ ಅರಿವೆ ಬಿಚ್ಚಿಕೊಂಡಿತು.

ಆಗ ಕಂಡೆ. ಮೀನಖಂಡದ ಮೇಲೆ ಹುಣ್ಣು. ಹುಣ್ಣಿನಿಂದ ಹೊರಗೆ ತೂಗುತ್ತಿದ್ದ ಬಿಳಿ ದಾರ.

ಕುಡಗೋಲು ಕಂಡಾಗ ಹೆದರಿಕೆ ತೋರದವಳು ಈಗ ಹೆದರಿ ಕೂಗಿದೆ.

"ಕಾಲು! ನೀರಾಗ ಕಾಲ ಇಡಬ್ಯಾಡಲೇ!"

ಅವನ ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದೆ. ಎದೆಯ ಮೇಲೆ ಮೊಣಕಾಲೂರಿ ಕುಳಿತೆ. ಬಟ್ಟೆ ಬಡಿಯುವ ಬಡಿಗೆಯನ್ನು ಗಂಟಲಿಗೆ ಅಡ್ಡ ಇಟ್ಟೆ.

ಅದು ದಾರವಲ್ಲ. ಹುಳ. ನಾರುಹುಣ್ಣಿನ ಹುಳ. ನಿಮಗೆ ಇದು ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಕೆಟ್ಟ ಬಾವಡಿಯ ನೀರು ಕುಡಿದವರ ಹೊಟ್ಟೆಗೆ ಅದು ಕಣ್ಣಿಗೆ ಕಾಣದ ಹಾಗೆ ಸೇರುತ್ತದೆ. ವರ್ಷದ ಮೇಲೆ ಕಾಲು ಒಡೆದು ಹೊರಗೆ ಇಣುಕುತ್ತದೆ, ಬೆಳ್ಳಗೆ, ಮೊಳದುದ್ದ! ಉರಿ ತಾಳಲಾರದೆ ಮನುಷ್ಯ ಕಾಲನ್ನು ನೀರಿಗೆ ಇಳಿಬಿಡುತ್ತಾನೆ. ಹುಳ ತನ್ನ ಸಂತಾನವನ್ನೆಲ್ಲ ಆ ನೀರಿಗೆ ಬಿಡುತ್ತದೆ. ಮರುದಿನ ಅದೇ ನೀರನ್ನು ಊರು ಕುಡಿಯುತ್ತದೆ.

ಅಸಹ್ಯವೇ? ತಡೆಯಿರಿ. ಇದಕ್ಕಿಂತ ಅಸಹ್ಯವಾದದ್ದು ಮುಂದೆ ಇದೆ. ಅದಕ್ಕೆ ಬಿಳಿ ಧೋತರವಿದೆ, ಕೋಟೂ ಇದೆ.

"ಹೆಸರೇನ ನಿಂದು?"

"ರೇ... ರೇವಪ್ಪ."

"ಯಾರ ಆಳು?"

"ಧೂಳಪ್ಪ ಸಾವಕಾರ್ರ ಬಾವಿ ಕಾಯ್ತೀನಿ. ತಿಕೋಟಾದಾಗ."

"ಬಾವಿ ಕಾಯೋ ಮಗನ, ಆ ಬಾವಿ ನೀರು ಕುಡದಿದ್ರ ನಿನ್ನ ಕಾಲಾಗ ಇದು ಹೆಂಗ ಬಂತು?"

ಅವನು ಮುಖ ತಿರುಗಿಸಿದ.

"ಆಳಮಕ್ಕಳಿಗೆ ಆ ನೀರಿಲ್ಲ. ನಾವೂ ಹಳೇ ಬಾವಡಿದ ತರತೀವಿ."

"ಹುಳ ಜಗ್ಗೀದೇನ?"

"ಜಗ್ಗಾಕ ನೋಡೀನಿ. ಬರವಲ್ದು."

"ಜಗ್ಗಬ್ಯಾಡಲೇ ಹುಚ್ಚ! ಹರದರ ಒಳಗ ಕೊಳತ ಕಾಲ ಹೋಗತೈತಿ. ಕಡ್ಡಿಗೆ ಸುತ್ತಬೇಕು. ದಿನಾ ಒಂದೀಟು. ಅವಸರ ಮಾಡಬಾರದು."

ಮೆಟ್ಟಿಲು ಗುಡಿಸಲು ತಂದಿದ್ದ ಕಸಬರಿಗೆಯಿಂದ ಒಂದು ಕಡ್ಡಿ ಮುರಿದೆ. ಹುಳದ ತುದಿಯನ್ನು ಅದಕ್ಕೆ ಮೆಲ್ಲಗೆ ಸುತ್ತಿ, ಒಣ ಅರಿವೆಯಿಂದ ಕಟ್ಟಿದೆ. ನನ್ನನ್ನು ಕಡಿಯಲು ಬಂದವನು ಹಲ್ಲು ಕಚ್ಚಿಕೊಂಡು, ಸೂಜಿ ಚುಚ್ಚಿಸಿಕೊಳ್ಳುವ ಕೂಸಿನಂತೆ ಮಲಗಿದ್ದ.

"ಈಗ ಹೇಳು. ಹುಡುಗಿ ನನ್ನ ಹಂತ್ಯಾಕ ಅದಾಳ ಅಂತ ಯಾರು ಹೇಳಿದ್ರು?"

"ಹೇಳಿದ್ರ ನನ್ನ ಕೊಲ್ತಾರ."

"ಹೇಳದಿದ್ರ ನಾ ಈ ಕಡ್ಡಿ ಜಗ್ಗತೀನಿ."

"ವಕೀಲ್ರು! ರಾಯಪ್ಪ ವಕೀಲ್ರು ಹೇಳಿದ್ರು!"

ಬಡಿಗೆಯನ್ನು ಗಂಟಲಿನಿಂದ ತೆಗೆದೆ.

ಸತ್ಯವ್ವ ನನ್ನ ಆಸರೆಯಲ್ಲಿದ್ದಾಳೆ ಎಂಬುದನ್ನು, ಅವಳನ್ನು ಮನೆಯಲ್ಲಿಟ್ಟುಕೊಂಡ ಗೆಳತಿಯನ್ನು ಬಿಟ್ಟರೆ, ನಾನು ಒಬ್ಬರಿಗೆ ಮಾತ್ರ ಹೇಳಿದ್ದೆ. ಅವರಿಗೇ!

ಬಾಯಿ ತುಂಬ ಉಗುಳು ಬಂತು. ಕೆಳಗೆ ಜನ ಕುಡಿಯುವ ನೀರು. ಉಗುಳಲಿಲ್ಲ.

ಇಟ್ಟುಕೊಂಡೆ.

*

ರಾಯಪ್ಪ ವಕೀಲರು ಯಾರು? ನಮ್ಮ ಸಂಘದ ಗೌರವ ಕಾರ್ಯದರ್ಶಿ.

ಸಂಘ ಅಂದರೆ ಊರಮಾತು ಸಂಘ. ಸೊಲ್ಲಾಪುರದಲ್ಲಿ ಭೀಮಾಬಾಯಿ ಎಂಬ ಸಿರಿವಂತ ವಿಧವೆ ಇದ್ದರು. ಹುಟ್ಟಿದ್ದು ನಮ್ಮ ಈ ಕಡೆಯೇ. ಹಳ್ಳಿಯ ಜನರ ಗೋಳನ್ನು ಪೇಪರಿನವರು ಬರೆಯುವುದಿಲ್ಲ, ಬರೆದರೂ ಹಳ್ಳಿಯವರಿಗೆ ಓದಲು ಬರುವುದಿಲ್ಲ. ಹಾಗಾದರೆ ಹಾಡಲಿ ಎಂದರು ಆಕೆ. ಊರೂರಿನಿಂದ ಹುಡುಗ ಹುಡುಗಿಯರನ್ನು ಆರಿಸಿ, ವರ್ಷದ ಸ್ಟೈಪೆಂಡ್ ಕೊಟ್ಟು, ವಿಜಾಪುರದಲ್ಲಿ ಇಟ್ಟು ಟ್ರೇನಿಂಗ್ ಕೊಡುವುದು. ತಮ್ಮ ಊರಿಗೆ ಹೋಗಿ ಕಣ್ಣಾರೆ ಕಂಡು, ಕೇಳಿ, ವಿಚಾರಿಸಿ, ಗೀಗೀ ಪದ ಕಟ್ಟಿ ಸಂತೆಯಲ್ಲಿ ಹಾಡುವುದು. ತಿಕೋಟಾದ ಸತ್ಯವ್ವ ಬಂದಳು. ಬಬಲೇಶ್ವರದಿಂದ ಲಾಡಲೇಸಾಬ ಬಂದ, ದಪ್ಪು ಬಾರಿಸುವುದರಲ್ಲಿ ಹುಲಿ, ಊಟದಲ್ಲೂ ಹುಲಿ. ಇನ್ನೂ ಕೆಲವರು ಬಂದರು.

ನನ್ನ ಡ್ಯೂಟಿ? ಹೋದ ಹುಡುಗರನ್ನು ಕೈಕಾಲು ಮುರಿಯದಂತೆ ವಾಪಸು ತರುವುದು.

ನಾನು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದಾಗ ಭೀಮಾಬಾಯಿ ನೋಡಲು ಬಂದಿದ್ದರು. ಮೊಮ್ಮಕ್ಕಳ ವಯಸ್ಸಿನವರ ನಡುವೆ ಪಾಟಿ ಹಿಡಿದು ಕುಳಿತಿದ್ದ ನನ್ನನ್ನು ಕಂಡು ನಕ್ಕರು. ಕೆಲಸ ಕೊಟ್ಟರು. ಬಾಗಿಲ ಹೊರಗೆ ಕರೆದು ಒಂದು ಮಾತು ಹೇಳಿದರು.

"ಮಾಳವ್ವ, ಸಂಘದಾಗ ಖರೇ ಏನ್ ನಡೀತೈತಿ ಅಂತ ನೀ ನನಗ ಬರಿ. ವಕೀಲ್ರು ಬರದದ್ದು ನನಗ ಸಾಲೂದಿಲ್ಲ."

ಬರೆಯಲು ಕುಳಿತೆ. ನಮಸ್ಕಾರ ಎಂದು ಬರೆದೆ. ಮುಂದೆ ಹೋಗಲಿಲ್ಲ. ಅನುಮಾನವಿತ್ತು, ಆಧಾರವಿರಲಿಲ್ಲ. ಆ ಕಾಗದ ನನ್ನ ರೊಟ್ಟಿ ಬುಟ್ಟಿಯ ತಳದಲ್ಲಿ ಉಳಿಯಿತು. ನಾನೂ ಅವಸರ ಮಾಡಲಿಲ್ಲ. ಅವಸರ ಮಾಡಿದರೆ ಹರಿಯುತ್ತದೆ...

ಅನುಮಾನ ಏನೆಂದರೆ, ಪ್ರತಿ ಹೊಸ ಪದವನ್ನೂ ಮೊದಲು ವಕೀಲರ ಮುಂದೆ ಹಾಡಬೇಕಿತ್ತು. ತಿದ್ದುವುದಕ್ಕಂತೆ! ಸಾರವಾಡದ ಪದ ಹಾಡಿಸಿದರು. ಹದ ಬಂದಿಲ್ಲ ಎಂದರು. ಕಾಖಂಡಕಿಯ ಪದ ಹಾಡಿಸಿದರು. ಅದಕ್ಕೂ ಹದ ಬರಲಿಲ್ಲ. ಯಾವ ಪದವೂ ಸಂತೆಯ ಮುಖ ಕಾಣಲಿಲ್ಲ.

ಆಮೇಲೆ ಸತ್ಯವ್ವನ ಪದ. ತಿಕೋಟಾದಲ್ಲಿ ಹಳೆಯ ಬಾವಡಿ ಇದೆ. ಮೆಟ್ಟಿಲಿಳಿದು ನೀರಿಗೆ ಕಾಲಿಟ್ಟು ತುಂಬಬೇಕು. ನಾರುಹುಣ್ಣು ಬರುವುದೇ ಅದರಿಂದ ಎಂದು ಸರಕಾರದವರು ಊರಿಗೆ ಹೊಸ ಸೇದುವ ಬಾವಿ ತೋಡಿಸಿದರು, ಮೇಲೆ ರಾಟೆ ಕೂಡಿಸಿದರು. ಯಾರೂ ನೀರು ತುಳಿಯುವಂತಿಲ್ಲ. ಧೂಳಪ್ಪ ಸಾವಕಾರ ಏನು ಮಾಡಿದ? ರಾಟೆಯ ಹಗ್ಗ ಬಿಚ್ಚಿಕೊಂಡು ಹೋದ. ಬಾವಿಗೆ ತನ್ನ ಇಂಜಿನ್ ಇಳಿಸಿ ದ್ರಾಕ್ಷಿ ತೋಟಕ್ಕೆ ನೀರು ತಿರುಗಿಸಿದ. ಕಾವಲಿಗೆ ಪೈಲ್ವಾನ. ಊರು ಮತ್ತೆ ಬಾವಡಿಗೆ ಇಳಿಯಿತು. ಸತ್ಯವ್ವನ ತಮ್ಮ ಎರಡೂ ಕಾಲು ಊದಿಸಿಕೊಂಡು ಹಾಸಿಗೆ ಹಿಡಿದ.

ಅದನ್ನೇ ಕಟ್ಟಿ, ವಕೀಲರ ಮುಂದೆ ಹಾಡಿದಳು. ವಾರದೊಳಗೆ ತಿಕೋಟಾದ ಅವಳ ಮನೆಗೆ ಕಲ್ಲು ಬಿದ್ದವು. ಹುಡುಗಿ ಓಡಿ ನನ್ನ ಹತ್ತಿರ ಬಂದಳು. ಕಾರ್ಯದರ್ಶಿಗೆ ತಿಳಿಸದೆ ಇರಬಾರದೆಂದು ವಕೀಲರಿಗೆ ಹೇಳಿದೆ.

ಈಗ ಕುಡಗೋಲು ಬಂದಿತ್ತು.

*

ಹಸಿ ಕೌದಿಯನ್ನು ಹೆಗಲಿಗೆ ಹಾಕಿಕೊಂಡೇ ವಕೀಲರ ಮಾಳಿಗೆ ಹತ್ತಿದೆ. ಅವರ ಜಮಖಾನೆಯ ಮೇಲೆ ನೀರು ತೊಟ್ಟಿಕ್ಕಿತು. ತೊಟ್ಟಿಕ್ಕಲಿ!

"ಬಾರವಾ ಮಾಳವ್ವ! ಏನಿದು ಅವತಾರ?"

ಕಿವಿಯಲ್ಲಿ ಅತ್ತರಿನ ಅರಳೆ. ಬೆರಳುಗಳು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದವು.

"ಕೌದಿ ಒಣಗಸಾಕ ಜಾಗ ಹುಡುಕಾಕತ್ತೀನ್ರಿ. ರೇವಪ್ಪ ಬಂದಿದ್ದ."

"ಯಾವ ರೇವಪ್ಪ?"

"ನೀವು ಕಳಸಿದ ರೇವಪ್ಪ."

ಬೆರಳು ನಿಲ್ಲಲಿಲ್ಲ. ಅವರಿಗೂ ಆ ಪಾಠ ಗೊತ್ತಿತ್ತು.

"ಎಲಿ ತಿಂತೀಯೇನು?"

"ಸಾರವಾಡದ ಪದ ಯಾಕ ನಿಂತಿತ್ರೀ?"

"ನೋಡವಾ, ಅಲ್ಲಿ ಗೌಡ್ರ ಜೋಡಿ ಮಾತಾತು. ಅವರು ನಮ್ಮವರಾದ್ರು."

"ಕಾಖಂಡಕಿದು?"

"ಅವರೂ ನಮ್ಮವರಾದ್ರು." ಎಲೆ ಮಡಚಿ ಬಾಯಿಗಿಟ್ಟರು. "ತಾಲೂಕ ಬೋರ್ಡಿನ ಇಲೆಕ್ಷನ್ ಬಂದೈತಿ. ಓಟು ಹೆಂಗ ಬರತಾವಂತ ತಿಳದೀದಿ? ಊರಾಗ ಒಬ್ಬ ದೊಡ್ಡಾಂವ ಇರತಾನ. ಅಂವಗೊಂದು ಹೆದರಿಕಿ ಇರತೈತಿ. ಆ ಹೆದರಿಕಿ ಏನಂತ ನಮಗ ಗೊತ್ತಿದ್ರ ಸಾಕು."

"ಅದನ್ನ ಹುಡುಕಾಕ ನಮ್ಮ ಹುಡುಗರು..."

"ಎಂಥಾ ಶ್ಯಾಣ್ಯಾ ಹುಡುಗರು! ಪೊಲೀಸರಿಗೂ ಸಿಗದ ಸುದ್ದಿ ತರತಾವ."

ನಕ್ಕರು. ಹಲ್ಲು ಕೆಂಪಾಗಿತ್ತು.

ಅರ್ಥವಾಯಿತೇ ನಿಮಗೆ? ಮುಗ್ಧ ಹುಡುಗರು ತಮ್ಮ ಓಣಿಯ ಕಣ್ಣೀರನ್ನು ಕೊಡಗಟ್ಟಲೆ ಹೊತ್ತು ತಂದು ಇವರ ಮುಂದೆ ಇಡುತ್ತಿದ್ದರು. ಇವರು ಅದನ್ನು ಓಟಿಗೆ ಮಾರುತ್ತಿದ್ದರು. ಒಂದು ಹಾಡು ಕೊಂದರೆ ಒಂದು ಊರು. ಜೈಲಿನಲ್ಲಿ ಕಳ್ಳಿಯರನ್ನು ಕಂಡಿದ್ದೇನೆ, ಗಂಡನನ್ನು ಕೊಂದವರನ್ನು ಕಂಡಿದ್ದೇನೆ. ಅವರ ಜೊತೆ ಕುಳಿತು ರೊಟ್ಟಿ ತಿಂದಿದ್ದೇನೆ. ಈ ಮನುಷ್ಯನ ನೆರಳಲ್ಲಿ ನಿಲ್ಲುವುದಕ್ಕೂ ಹೇಸಿಗೆಯಾಯಿತು.

"ಸತ್ಯವ್ವನ್ನ ಬಿಟ್ಟುಬಿಡ್ರಿ."

"ಅಕಿ ಧೂಳಪ್ಪನ ಕಾಲು ಹಿಡಿದು ತಪ್ಪಾತು ಅನ್ನಲಿ. ಇಲ್ಲಾಂದ್ರ ಸಂಘದ ದಪ್ಪು ಕದ್ದಾಳಂತ ಕಂಪ್ಲೇಂಟ್ ಕೊಡತೀನಿ. ಜೈಲಿಗೆ ಹೋಗ್ತಾಳ. ಅಲ್ಲಿ ಪಾಪ, ನೀನೂ ಇಲ್ಲ ಈಗ."

"ಮತ್ತ ನನಗ?"

"ನಿನ್ನ ಪೆನ್ಶನ್ ಐತೆಲ್ಲ, ಅದನ್ನ ನೆನಸ್ಕೋ." ಬಗ್ಗಿ, ಹಿತ್ತಾಳೆಯ ಪೀಕದಾನಿಗೆ ಉಗುಳಿದರು. "ನನಗೀಗ ಹೊತ್ತಿಲ್ಲವಾ. ಬಬಲೇಶ್ವರ ಸಂತ್ಯಾಗ ನನ್ನ ಪ್ರಚಾರದ ಸಭಾ ಐತಿ. ಪರಸವ್ವನ ಮೇಳಕ್ಕ ಹೇಳೀನಿ. ಎದುರಿಗೆ ನಮ್ಮ ಹುಡುಗರ ಮೇಳ. ಸವಾಲು ಜವಾಬು ಅಂದ್ರ ಜನ ಬರತಾರ ನೋಡು!"

ನನಗೂ ಉಗುಳಬೇಕೆನಿಸಿತು. ಆ ಪೀಕದಾನಿಯಲ್ಲಿ, ಅವರ ಉಗುಳಿನ ಜೊತೆ ನನ್ನದೇ? ಬೇಡ. ಒಳ್ಳೆಯ ಜಾಗ ಸಿಕ್ಕೀತು ಎಂದು ನುಂಗಿಕೊಂಡೆ.

ಸವಾಲು ಜವಾಬು ಎಂದಿರಲ್ಲ ವಕೀಲರೇ... ಬಹಳ ಉಪಕಾರವಾಯಿತು!

*

ಪರಸವ್ವ ನಮ್ಮ ಸೀಮೆಯ ಹಳೆಯ ಹಾಡುಗಾರ್ತಿ. ಟ್ರೇನಿಂಗಿನ ಮೊದಲ ದಿನ ಬಂದು ಹುಡುಗರಿಗೆ ಪಾಠ ಹೇಳಿದ್ದೂ ಆಕೆಯೇ.

"ಎದುರಿನ ಮೇಳ ಸವಾಲು ಒಗದರ ಜವಾಬು ಕೊಡಬೇಕ್ರೋ. ಜವಾಬು ಗೊತ್ತಿದ್ದೂ ಬಾಯಿ ಮುಚ್ಚಿದ್ರ ದಪ್ಪು ಬೋರಲ ಹಾಕಿ ಎದ್ದು ಹೋಗಬೇಕು. ಮತ್ತ ಆ ಊರಾಗ ಎಂದೂ ಹಾಡಬಾರದು. ಜವಾಬು ಕೊಟ್ಟ ಮ್ಯಾಲ ತಿರುಗಿ ಸವಾಲು ಕೇಳೂ ಹಕ್ಕು ನಿಮ್ಮದು."

ವಕೀಲರು ಅಂದು ಪಕ್ಕದಲ್ಲೇ ಕುಳಿತು ತಲೆಯಾಡಿಸಿದ್ದರು. ಕೇಳಿಸಿಕೊಂಡಿದ್ದರೋ ಇಲ್ಲವೋ!

ಮಾಳಿಗೆ ಇಳಿದೆ. ಕೆಳಗೆ ಧೂಳಪ್ಪನ ಜೀಪು ನಿಂತಿತ್ತು. ನಾನು ನಡೆದೆ. ಅದು ಹಿಂದೆ ಬಂತು. ಮುದುಕಿಯ ಹಿಂದೆ ಹೋದರೆ ಹುಡುಗಿ ಸಿಗುತ್ತಾಳೆ ಎಂಬ ಲೆಕ್ಕ.

ಇಕ್ಕಟ್ಟಿನ ಗಲ್ಲಿಗೆ ಹೊಕ್ಕೆ. ಜೀಪು ನಿಂತಿತು. ಅದರ ಡ್ರೈವರ್ ಇಳಿದು ಓಡಿ ಬಂದ. ನಾನೂ ಓಡಿದೆ. ಈ ವಯಸ್ಸಿನಲ್ಲಿ, ಹೆಗಲ ಮೇಲೆ ಹಸಿ ಕೌದಿ! ಮೊಣಕಾಲು ಕಟಕಟ ಎಂದವು. ಎದುರಿಗೆ ಹಾಜಿರಾಬಿಯ ಮನೆ. ಬಾಗಿಲ ಪರದೆ ಸರಿಸಿ ಒಳಗೆ ಬಿದ್ದೆ.

ಹಾಜಿರಾಬಿ ನನ್ನ ಗೆಳತಿ. ಹೊಲಿಗೆ ಮೆಷಿನ್ನಿನ ಮುಂದೆ ಕುಳಿತಿದ್ದಳು. ನನ್ನ ಮುಖ ನೋಡಿದಳು. ಎದ್ದು ಪರದೆಯ ಒಳಗೆ ನಿಂತಳು.

"ಯಾರಲೇ ಅದು ಹೊರಗ?"

"ಮುದುಕಿ ಒಳಗ ಬಂದಾಳ್ರಿ. ನಾವು ಒಳಗ ನೋಡಬೇಕ್ರಿ."

"ಗಂಡಸರಿಲ್ಲದ ಮನೀಗೆ ಬರ್ತೀಯೇನೋ ಬೇಶರಮ್! ಪರದಾ ಮುಟ್ಟು, ನೋಡೂಣು! ಇಡೀ ಗಲ್ಲಿ ಎಬ್ಬಿಸ್ತೀನಿ!"

"ಹಂಗಲ್ರಿ ಬೀಬಿ..."

"ಪೀರಾಂಬೀ! ಆಶಾಬೀ! ಕಟಗಿ ತಗೊಂಡ ಬರ್ರೇ!"

ಆ ಹೆಸರಿನವರು ಯಾರೂ ಆ ಮನೆಯಲ್ಲಿ ಇರಲಿಲ್ಲ. ಆದರೂ ಡ್ರೈವರ್ ಹಿಂದೆ ಸರಿದ.

ಸತ್ಯವ್ವನನ್ನು ನಾನು ಅಡಗಿಸಿಟ್ಟದ್ದು ಇದೇ ಮನೆಯಲ್ಲಿ. ಹಿತ್ತಿಲಲ್ಲಿ ನಿಂತಿದ್ದಳು. ಗುಬ್ಬಿಯಂತಹ ಹುಡುಗಿ. ಆದರೆ ಗಂಟಲು ಬಿಟ್ಟರೆ ಹೊಲದಾಚೆಯವರೂ ತಿರುಗಬೇಕು.

"ಆಯಿ, ಇನ್ನ ಎಷ್ಟ ದಿನ ಅಡಗಲಿ? ನನ್ನ ತಮ್ಮ ಅಲ್ಲಿ ನರಳಾಕತ್ತಾನ."

"ಇವತ್ತಿಗೆ ಮುಗೀತು. ಬಬಲೇಶ್ವರಕ್ಕ ಹೋಗೂಣು. ಸಂತ್ಯಾಗ ನಿಂದು ಪದ ಐತಿ."

"ವಕೀಲ್ರು ಹೂಂ ಅಂದ್ರೇನು?"

"ವಕೀಲ್ರ ನಮ್ಮನ್ನ ಮಾರ್ಯಾರ, ಮಗಳ."

ಎಲ್ಲ ಹೇಳಿದೆ. ಅವಳು ಅಳಲಿಲ್ಲ.

"ನಾ ಹಾಡಿದಾಗ ಅಂವ ಕಣ್ಣೀರ ಒರಸ್ಕೊಂಡಿದ್ದ, ಆಯಿ."

ಕಣ್ಣೀರನ್ನೂ ಬಿಟ್ಟಿಲ್ಲವಲ್ಲ!

*

ಹಿತ್ತಿಲ ಬಾಗಿಲಿನಿಂದ ಬಸ್ ಸ್ಟ್ಯಾಂಡಿಗೆ. ಬಬಲೇಶ್ವರದ ಬಸ್ಸು ಹೊರಟು ನಿಂತಿತ್ತು. ಮೇಲೆ ಸಂತೆಗೆ ಹೋಗುವ ಬುಟ್ಟಿ, ಗಂಟು, ಮೂಟೆ.

ಕಂಡಕ್ಟರ್ ಮುರ್ತುಜಾಸಾಬ ಲಾಡಲೇಸಾಬನ ಸೋದರಮಾವ.

"ಮುರ್ತುಜಾಸಾಬ, ಈ ಕೌದಿ ಟಾಪ್ ಮ್ಯಾಲ ಒಣಗ್ಲೆಪಾ."

"ಒಣಗ್ಲಿ ಆಯಿ. ಕೌದಿಗೆ ಟಿಕೆಟ್ ಇಲ್ಲ."

"ಕೌದಿ ಕೆಳಗ ಇರೂದಕ್ಕ?"

ಅವನು ಸತ್ಯವ್ವನನ್ನು ನೋಡಿದ. ನನ್ನನ್ನು ನೋಡಿದ.

"ಅದಕ್ಕ ಫುಲ್ ಟಿಕೆಟ್."

ಬಸ್ಸು ಹೊರಟಿತು. ಬಿಸಿಲು ಕಾದ ಹಂಚಿನಂತಿತ್ತು. ಹಸಿ ಕೌದಿಯ ಕೆಳಗೆ ನಮ್ಮ ಹುಡುಗಿ ತಂಪಾಗಿದ್ದಳು, ನಾನು ಒಳಗೆ ಬೇಯುತ್ತಿದ್ದೆ.

ಸಾರವಾಡ ಬಂತು.

ಹಿಂದಿನಿಂದ ಹಾರ್ನು! ಧೂಳೆಬ್ಬಿಸುತ್ತ ಜೀಪು ಮುಂದೆ ಹೋಯಿತು, ಅಡ್ಡ ತಿರುಗಿ ನಿಂತಿತು. ನಮ್ಮ ಡ್ರೈವರ್ ಬ್ರೇಕ್ ಒತ್ತಿದ. ಬದನೆಕಾಯಿ ಬುಟ್ಟಿ ನನ್ನ ತೊಡೆಯ ಮೇಲೆ ಉರುಳಿತು.

ಜೀಪಿನ ಡ್ರೈವರ್ ಇಳಿದ. ಅವನ ಹಿಂದೆ ಕುಂಟುತ್ತ ರೇವಪ್ಪ!

"ಎಲ್ಲಾರೂ ಇಳೀರಿ! ಚೆಕಿಂಗ್ ಐತಿ."

ಮುರ್ತುಜಾಸಾಬ ಬಾಗಿಲಿಗೆ ಅಡ್ಡ ನಿಂತ.

"ನೀ ಯಾರು ಚೆಕ್ ಮಾಡಾಕ? ಟಿಕೆಟ್ ತಗೊಂಡ್ರ ಒಳಗ ಬಾ. ಸರಕಾರಿ ಬಸ್ಸಿದು, ನಿಮ್ಮ ಸಾವಕಾರನ ದನದ ಕೊಟ್ಟಿಗಿ ಅಲ್ಲ."

"ಒಂದು ಹುಡುಗಿ ಹುಡುಕಾಕತ್ತೀವಿ."

"ಹುಡುಗಿ ಬೇಕಂದ್ರ ನಿಮ್ಮಪ್ಪನ ಕಳಸು, ಮಾತುಕತಿ ಮಾಡೂಣು!"

ಬಸ್ಸೆಲ್ಲ ನಕ್ಕಿತು. ನಗು ಮುಗಿಯುವುದರೊಳಗೆ ಜೀಪಿನ ಡ್ರೈವರ್ ಮುರ್ತುಜಾಸಾಬನನ್ನು ತಳ್ಳಿ ಒಳಗೆ ಬಂದ. ಸೀಟಿನ ಕೆಳಗೆಲ್ಲ ಬಗ್ಗಿ ನೋಡಿದ. ನನ್ನೆದುರು ನಿಂತು ಹಲ್ಲು ಕಿರಿದ.

"ನಿನ್ನ ಕೌದಿ ಎಲ್ಲಿ ಮುದುಕಿ?"

ನಾನು ಚೆಲ್ಲಿದ ಬದನೆಕಾಯಿ ಆರಿಸತೊಡಗಿದೆ. ಅವನ ಕಣ್ಣು ಮೇಲಕ್ಕೆ ಹೋಯಿತು.

"ರೇವ್ಯಾ! ಟಾಪ್ ಹತ್ತಿ ನೋಡಲೇ!"

ಹಿಂದಿನ ನಿಚ್ಚಣಿಕೆ ಕಿರಕಿರ ಎಂದಿತು. ಕುಂಟುಕಾಲು ಒಂದೊಂದೇ ಮೆಟ್ಟಿಲು ಏರಿತು. ತಲೆಯ ಮೇಲೆ ತಗಡು ಡಬಡಬ ಎಂದಿತು. ಹೆಜ್ಜೆ ಹತ್ತಿರ ಬಂತು... ನಿಂತಿತು.

ಬದನೆಕಾಯಿಯೊಂದನ್ನು ಕೈಯಲ್ಲಿ ಹಿಡಿದಿದ್ದೆ. ಅದು ನುಜ್ಜಾಯಿತು.

ಸದ್ದಿಲ್ಲ.

"ಏನೈತಿ ರೇವ್ಯಾ?"

ತಗಡಿನ ಮೇಲೆ ಒಂದು ಹೆಜ್ಜೆ ಹಿಂದೆ ಸರಿಯಿತು.

"ಕೌದಿ ಐತಿ," ಎಂದಿತು ಮೇಲಿನ ದನಿ. "ಹಸಿ ಕೌದಿ. ಮತ್ತೇನಿಲ್ಲ."

ಇಳಿದು ಬಂದ. ಕಿಟಕಿಯ ಪಕ್ಕ ಹಾದು ಹೋಗುವಾಗ ನನ್ನನ್ನು ನೋಡಲಿಲ್ಲ. ಕಾಲಿನ ಕಟ್ಟು ಮಾತ್ರ ಕಂಡಿತು. ನಾನು ಕಟ್ಟಿದ ಗಂಟು ಹಾಗೆಯೇ ಇತ್ತು.

*

ಬಬಲೇಶ್ವರದ ಸಂತೆ ತುಂಬಿತ್ತು. ಚಕ್ಕಡಿಗಳನ್ನು ಜೋಡಿಸಿ ವೇದಿಕೆ ಕಟ್ಟಿದ್ದರು. ಮೇಲೆ ಕುರ್ಚಿಗಳು. ಒಂದರಲ್ಲಿ ರಾಯಪ್ಪ ವಕೀಲರು. ಇನ್ನೊಂದರಲ್ಲಿ ಧೂಳಪ್ಪ ಸಾವಕಾರ. ಅವನ ಕಾಲ ಬಳಿ ಮುಚ್ಚಳವಿಟ್ಟ ತಾಮ್ರದ ತಂಬಿಗೆ. ಎಲ್ಲಿಗೆ ಹೋದರೂ ತನ್ನ ಬಾವಿಯ ನೀರನ್ನು ಜೊತೆಗೇ ಒಯ್ಯುತ್ತಿದ್ದ. ಹುಳದ ಭಯ ಅವನಿಗೂ ಇತ್ತು ನೋಡಿ!

ವೇದಿಕೆಯ ಮುಂದೆ ಒಂದು ಕಡೆ ಪರಸವ್ವನ ಮೇಳ. ಎದುರಿಗೆ ನಮ್ಮ ಹುಡುಗರು. ಲಾಡಲೇಸಾಬ ದಪ್ಪು ಕಾಯಿಸುತ್ತ ಬಾಯಲ್ಲಿ ಭಜಿ ತುಂಬಿಕೊಂಡಿದ್ದ. ನಮ್ಮನ್ನು ಕಂಡು ನುಂಗುವುದನ್ನು ಮರೆತ.

"ಸತ್ಯಕ್ಕಾ! ನೀ ಬರೂದಿಲ್ಲಂತ ಹೇಳಿದ್ರಲ್ಲ ವಕೀಲ್ರು!"

"ನಿನ್ನ ದಪ್ಪು ಗಟ್ಟಿ ಐತೇನೋ ಲಾಡಲ್ಯಾ?" ಎಂದೆ.

"ಗಟ್ಟಿ ಐತಿ ಆಯಿ."

"ನಡುವ ಏನಾರ ಆದ್ರ ನಿಲ್ಲಸಬ್ಯಾಡ."

"ಹೊಡದ್ರ?"

"ಹೊಡದ್ರೂ ತಾಳ ತಪ್ಪಬಾರದು."

ಭಜಿ ನುಂಗಿದ. ದಪ್ಪಿಗೆ ಬೆರಳು ಬಡಿದ. ಸತ್ಯವ್ವ ಸೆರಗು ಸಿಕ್ಕಿಸಿಕೊಂಡು ನಡುವೆ ಬಂದು ನಿಂತಳು.

ವಕೀಲರ ಮುಖ ಸುಣ್ಣವಾಯಿತು.

ಆದರೆ ಸಂತೆ ಹೋ ಎಂದಿತ್ತು. ಹಾಡು ನಿಲ್ಲಿಸುವ ಧೈರ್ಯ ಯಾರಿಗೆ? ಓಟು ಕೇಳಲು ಬಂದವನಿಗೆ?

ಸತ್ಯವ್ವ ದನಿ ಎತ್ತಿದಳು.

"ಕೈಯಿಲ್ಲ ಕಾಲಿಲ್ಲ, ನಮ್ಮ ಕಾಲೊಳಗ ಮನಿ ಮಾಡಿ
ಬೆಳ್ಳಾನ ನೂಲಾಗಿ ಬಂತವ್ವಾ...
ಬಾವಿ ಐತಿ ಊರಾಗ, ಹಗ್ಗಿಲ್ಲ ಅದರಾಗ
ತಮ್ಮ ನರಳತಾನ ಮನಿಯಾಗ...
ಹಾಡಿನ ಹಿರಿಯಾಕಿ, ಜವಾಬು ಹೇಳವ್ವಾ
ಹಗ್ಗ ಬಿಚ್ಚಿದ ಕೈ ಯಾವದವ್ವಾ?"

ದಪ್ಪು ಗುಡುಗಿತು. ಮೇಳ ಗೀಗೀ ಎಂದು ದನಿಗೂಡಿಸಿತು. ಆಮೇಲೆ ಸಂತೆಯಲ್ಲಿ ತಕ್ಕಡಿ ಹಿಡಿದವರ ಕೈ ಕೂಡ ನಿಂತಿತು.

ಎಲ್ಲರ ಕಣ್ಣು ಪರಸವ್ವನ ಮೇಲೆ.

ಆಕೆಗೆ ಜವಾಬು ಗೊತ್ತಿತ್ತು. ಸಂತೆಗೇ ಗೊತ್ತಿತ್ತು. ವಕೀಲರು ಕೈ ಆಡಿಸಿದರು. ಬೇಡ, ಬೇರೆ ಹಾಡು!

"ಪರಸವ್ವಾ, ದೇವರ ಪದ ಶುರು ಮಾಡವಾ!"

ಪರಸವ್ವ ಎದ್ದಳು. ತನ್ನ ದಪ್ಪನ್ನು ನೋಡಿದಳು.

"ವಕೀಲ್ರ, ನೀವು ಹಾಡಾಕ ಕರಿಸೀರಿ, ಹಾಡತೀನಿ. ಆದ್ರ ಸವಾಲು ಬಿದ್ದೈತ್ರಿ. ಇದನ್ನ ಬೋರಲ ಹಾಕಿ ಹೋಗಂತೀರೇನು? ನಮ್ಮವ್ವನೂ ಹಾಕಿಲ್ಲ, ನಾನೂ ಹಾಕಿಲ್ಲ."

ಇದೇ ನೋಡಿ ವಕೀಲರು ಮಾಡಿದ ತಪ್ಪು. ಮೇಳವನ್ನು ಕರೆಸಬಹುದು, ಉಣ್ಣಿಸಬಹುದು, ಹೊಗಳಿಸಿಕೊಳ್ಳಬಹುದು. ಬಿದ್ದ ಸವಾಲನ್ನು ನುಂಗಿಸಲು ಆಗುವುದಿಲ್ಲ. ಕಲಿಸಿದಾಗ ಪಕ್ಕದಲ್ಲೇ ಕುಳಿತಿದ್ದರಲ್ಲ!

ಪರಸವ್ವನ ಒಡಕು ದನಿ ಎದ್ದಿತು.

"ಕೇಳಿದಿ ಬಾಲಿ, ಹೇಳತೀನಿ ಕೇಳ
ಹಗ್ಗ ಬಿಚ್ಚಿದ್ದು ಧೂಳಪ್ಪನ ಕೈಯಿ...
ಕೈಯಿ ನಾ ತೋರಿಸಿದೆ, ಬಾಯಿ ನೀ ತೋರಿಸ
ಹಾಡಾಕ ಬಂದೀದಿ ಇಷ್ಟು ದಿನ ತಡದ್ಯಾಕ?
ಹಾಡು ಕಟ್ಟಿದ ಮ್ಯಾಲ ನಿನ್ನ ಬಾಯಿ
ಕಟ್ಟಿದ ಕೈ ಯಾವದು ಹೇಳು ತಾಯಿ?"

ತಿರುಗಿ ಸವಾಲು! ಅದು ಆಕೆಯ ಹಕ್ಕು. ಯಾರೂ ಹೇಳಿಕೊಟ್ಟಿರಲಿಲ್ಲ. ಮುದಿ ಹಾಡುಗಾರ್ತಿ ಹುಡುಗಿಯ ಮುಖ ನೋಡಿಯೇ ಎಲ್ಲ ಓದಿಕೊಂಡಿದ್ದಳು.

"ನಿಲ್ಲಸ್ರಿ!" ವಕೀಲರು ಎದ್ದು ನಿಂತರು. "ಸಾಕು! ಸಭಾ ಮುಗೀತು!"

"ಜವಾಬು ಆಗ್ಲಿ!" ಎಂದರು ಯಾರೋ ಹಿಂದಿನಿಂದ.

"ಜವಾಬು! ಜವಾಬು!" ಸಂತೆಯೆಲ್ಲ ಕೂಗಿತು.

ಸತ್ಯವ್ವ ವೇದಿಕೆಯ ಕಡೆ ತಿರುಗಿದಳು. ಹಾಡಲಿಲ್ಲ. ಬೆರಳು ತೋರಿಸಿ, ಸರಳವಾಗಿ ಹೇಳಿದಳು.

"ಪರಸಾಯಿ, ನಮ್ಮ ಹಾಡ ತಿದ್ದತೀನಿ ಅಂದ ಕೈ. ರಾಯಪ್ಪ ವಕೀಲ್ರ ಕೈ. ನನ್ನ ಪದ ಕೊಂದು ನಮ್ಮೂರ ಓಟು ತಗೊಂಡಾರ. ಸಾರವಾಡದ್ದೂ ಹಂಗ. ಕಾಖಂಡಕಿದೂ ಹಂಗ."

"ರೇವ್ಯಾ!" ಧೂಳಪ್ಪ ಕಿರುಚಿದ. "ಹೊಡಿಯಲೇ ಅಕಿನ್ನ!"

ರೇವಪ್ಪ ಜನರ ನಡುವಿನಿಂದ ಕುಂಟುತ್ತ ಬಂದ. ನಾನು ಬಡಿಗೆ ಹಿಡಿದು ಅಡ್ಡ ನಿಂತೆ. ಅವನು ನನ್ನನ್ನು ಬಳಸಿಕೊಂಡು ಮುಂದೆ ಹೋದ. ಸತ್ಯವ್ವನನ್ನೂ ದಾಟಿದ. ವೇದಿಕೆ ಹತ್ತಿ, ಸಾವಕಾರನ ಕುರ್ಚಿಯ ಮೇಲೆ ತನ್ನ ಕಾಲಿಟ್ಟು, ಕಟ್ಟು ಬಿಚ್ಚಿದ.

ಕಡ್ಡಿ. ಕಡ್ಡಿಗೆ ಸುತ್ತಿದ ಹುಳ. ಮುಂದೆ ನಿಂತವರು ಹಿಂದೆ ಸರಿದರು.

"ಸಾವಕಾರ್ರ," ಎಂದ ರೇವಪ್ಪ. ದನಿ ಮೆತ್ತಗಿತ್ತು. "ನೀರಡಿಸೈತ್ರಿ. ಆ ತಂಬಿಗ್ಯಾಗಿಂದು ಒಂದ್ ಗುಟುಕ ಕೊಡ್ರಿ."

ಧೂಳಪ್ಪ ತಂಬಿಗೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಎರಡೂ ಕೈಯಲ್ಲಿ ಅಪ್ಪಿ ಹಿಡಿದ.

ಸಂತೆಯೆಲ್ಲ ಅದನ್ನು ನೋಡಿತು.

ಅಷ್ಟೇ ಸಾಕಾಯಿತು. ಕುರ್ಚಿಗಳು ಉರುಳಿದವು. ಕಾಲಿಗೆ ಬುದ್ಧಿ ಹೇಳಿದ ಸಾವಕಾರನ ಹಿಂದೆ ತಂಬಿಗೆ ಮಾತ್ರ ಚಕ್ಕಡಿಯ ಗಾಲಿಯ ಬಳಿ ಬಿದ್ದಿತ್ತು. ಲಾಡಲೇಸಾಬ ಆಗಲೂ ದಪ್ಪು ಬಾರಿಸುತ್ತಲೇ ಇದ್ದ. ಮೂಗಿನಿಂದ ರಕ್ತ ಸುರಿಯುತ್ತಿತ್ತು. ಯಾರು ಹೊಡೆದರೋ ಗೊತ್ತಿಲ್ಲ. ತಾಳ ತಪ್ಪಿರಲಿಲ್ಲ.

*

ತಿಕೋಟಾದ ರಾಟೆಗೆ ಹಗ್ಗ ಬಂತು. ಊರವರೇ ಹೋಗಿ ಕಟ್ಟಿದರು. ಇಂಜಿನ್ನನ್ನು ಎತ್ತಿ ದಡಕ್ಕಿಟ್ಟವನು ರೇವಪ್ಪ. ಸತ್ಯವ್ವನ ತಮ್ಮ ಗೋಡೆ ಹಿಡಿದು ನಡೆಯುತ್ತಿದ್ದಾನೆ.

ಕತೆ ಇಲ್ಲಿಗೆ ಮುಗಿದಿದ್ದರೆ ಚಂದವಿತ್ತು.

ರಾಯಪ್ಪ ವಕೀಲರು ಗೆದ್ದರು! ಹೌದು, ಬೋರ್ಡಿಗೆ ಆರಿಸಿ ಬಂದರು. ತಿಕೋಟಾ, ಬಬಲೇಶ್ವರದ ಜನ ಕೈಬಿಟ್ಟರು. ಹಾಡು ಸತ್ತಿದ್ದ ಊರುಗಳು ಕೈ ಹಿಡಿದವು. ಹಾರ ಹಾಕಿಕೊಂಡು ಬಂದವರು ಮೊದಲು ಮಾಡಿದ ಕೆಲಸ ಸತ್ಯವ್ವ, ಲಾಡಲೇಸಾಬರ ಸ್ಟೈಪೆಂಡ್ ನಿಲ್ಲಿಸಿದ್ದು. ಎರಡನೆಯದು ಹೊಸ ಹುಡುಗರನ್ನು ಆರಿಸಲು ಅರ್ಜಿ ಕರೆದದ್ದು. ಇನ್ನಷ್ಟು ಊರು ಬೇಕಲ್ಲ!

ಹುಳ ಪೂರ್ತಿ ಹೊರಗೆ ಬಂದಿರಲಿಲ್ಲ.

ರೊಟ್ಟಿ ಬುಟ್ಟಿಯ ತಳದಿಂದ ಕಾಗದ ತೆಗೆದೆ. ನಮಸ್ಕಾರ ಎಂಬ ಅಕ್ಷರಕ್ಕೆ ಹಿಟ್ಟು ಹತ್ತಿತ್ತು. ಝಾಡಿಸಿದೆ. ಬಾಗಿಲಲ್ಲಿ ಬಿಸಿಲಿಗೆ ಕುಳಿತು ಬರೆದೆ. ನನ್ನ ಅಕ್ಷರ ಸೊಟ್ಟ, ಹೇಳುವುದು ನೆಟ್ಟಗಿತ್ತು.

"ಬಾಯಿಸಾಹೇಬರೆ, ಖರೆ ಏನು ನಡೆದಿದೆ ಬರೆ ಎಂದಿದ್ದಿರಿ. ನೀವು ಕಳಿಸುವ ರೊಕ್ಕದಿಂದ ಇಲ್ಲಿ ಹುಡುಗರು ಹಾಡು ಕಟ್ಟುತ್ತಾರೆ, ವಕೀಲರು ಮಾರುತ್ತಾರೆ. ಕಣ್ಣಿಂದ ಕಂಡೆ, ಕಿವಿಯಿಂದ ಕೇಳಿದೆ. ಇನ್ನು ಮುಂದೆ ಪರಸವ್ವನ ಮನೆಗೆ ಕಳಿಸಿರಿ. ಹುಡುಗರು ಅಲ್ಲಿ ಕಲಿಯುತ್ತಾರೆ. ಮೊದಲು ಸಂತೆಯಲ್ಲಿ ಹಾಡುತ್ತಾರೆ, ಆಮೇಲೆ ಬೇಕಾದವರು ತಿದ್ದಲಿ. ತಡವಾಯಿತು, ಹರಿಯಬಾರದೆಂದು ನಿಧಾನ ಮಾಡಿದೆ. ಇತಿ ಮಾಳವ್ವ."

ಸತ್ಯವ್ವ ಓದಿ ನೋಡಿ ಮಡಚಿಕೊಟ್ಟಳು. ಇಬ್ಬರೂ ಪೋಸ್ಟಿಗೆ ನಡೆದೆವು.

"ಆಯಿ, ಪಾಕೀಟಿಗೆ ಪೋಸ್ಟಿನ ಚೀಟಿ ಹಚ್ಚಿಲ್ಲಲ್ಲ. ನೀರು ತರಲೇನು?"

"ಬ್ಯಾಡ," ಎಂದೆ.

ವಕೀಲರನ್ನು ನೆನೆದೆ. ಅಷ್ಟು ದಿನದಿಂದ ಇಟ್ಟುಕೊಂಡ ಉಗುಳು ಬಾಯಿ ತುಂಬ ಬಂತು. ಚೀಟಿ ಗಟ್ಟಿಯಾಗಿ ಹತ್ತಿತು.